ಮಣ್ಣು ಒಣಗೋದ್ರೊಳಗೆ

ಈಗಿನ ಮಾತಲ್ಲ ಇದು. ನಿಮ್ಮ ತಾತನ ತಾತ ಹುಟ್ಟೋಕೂ ಮುಂಚೆ, ಕಾಗದ ಅನ್ನೋದು ಭೂಮಿ ಮೇಲೇ ಇಲ್ಲದ ಕಾಲದಲ್ಲಿ, ಎರಡು ದೊಡ್ಡ ಹೊಳೆ ನಡುವೆ ಬಾಬಿಲು ಅಂತ ಒಂದು ಪಟ್ಟಣ ಇತ್ತು. ಎಂಥಾ ಪಟ್ಟಣ ಅಂತೀರಿ! ಕೋಟೆ ಗೋಡೆ ಮೇಲೆ ಎರಡು ಗಾಡಿ ಎದುರುಬದುರು ಬಂದ್ರೂ ಒಂದಕ್ಕೊಂದು ತಾಗ್ತಿರಲಿಲ್ಲ. ಊರ ನಡುವೆ ಏಳಂತಸ್ತಿನ ಗೋಪುರ. ಅದರ ತುದಿ ನೋಡಬೇಕು ಅಂದ್ರೆ ತಲೆ ಮೇಲಿನ ರುಮಾಲು ಹಿಂದಕ್ಕೆ ಬೀಳಬೇಕು. ಈ ಕತೇನ ಬೇರೆಯೋರೂ ಹೇಳ್ತಾರೆ, ಹೇಳಿ ಕೆಡಿಸ್ತಾರೆ. ನಾನು ಕೆಡಿಸೋನಲ್ಲ. ಬಾಯಿ ಮುಚ್ಕೊಂಡು ಕೇಳಿ.

ಆ ಊರೋರು ಬರೀತಿದ್ದದ್ದು ಮಣ್ಣಿನ ಮೇಲೆ. ಹೊಳೆದಂಡೆಯ ಜೇಡಿಮಣ್ಣು ತರೋದು, ರೊಟ್ಟಿ ಹಿಟ್ಟಿನಂಗೆ ನಾದೋದು, ತಟ್ಟಿ ಹಲಗೆ ಮಾಡೋದು, ಜೊಂಡಿನ ಕಡ್ಡಿ ತಗೊಂಡು ಒತ್ತೋದು. ಗುಬ್ಬಿ ಓಡಾಡಿದ ಗುರುತಿನಂಗೆ ಅಕ್ಷರ. ಬಿಸಿಲಿಗಿಟ್ರೆ ಗಟ್ಟಿ. ದೇವರ ಹಾಡು, ರಾಜರ ಕತೆ, ಮದುವೆ ಮಾತು, ಅತ್ತೆ ಮೇಲಿನ ದೂರು, ಎಲ್ಲಾ ಮಣ್ಣಲ್ಲೇ.

ಬರಹಕ್ಕೆ ಅಂತ್ಲೇ ಅವರಿಗೊಬ್ಬ ದೇವರು, ನಬು. ನಬುವಿನ ಗುಡೀಲಿ ಒಂದು ಹೊನ್ನಿನ ಬಣ್ಣದ ಜೊಂಡಿನ ಕಡ್ಡಿ ಇತ್ತು. ಆ ಕಡ್ಡೀಲಿ ಏನು ಬರೆದ್ರೂ, ಹಲಗೆ ಒಣಗಿದ ಗಳಿಗೇಲಿ ಅದು ನಿಜ ಆಗೋದು. ಒಣಗೋವರೆಗೂ ಅದು ಬರೀ ಗೀಚು. ಒಣಗಿತೋ, ದೇವರೇ ಬಂದ್ರೂ ತಿದ್ದೋಕಾಗಲ್ಲ! ಅದಕ್ಕೇ ಅದನ್ನ ಯಾರೂ ಮುಟ್ಟುತಿರಲಿಲ್ಲ. ಕಾಯೋಕೆ ಬೆಲ್ತಾನಿ ಅಂತ ಒಬ್ಬ ಹುಡುಗಿ ಇದ್ದಳು. ಬರೆಯೋದರಲ್ಲಿ ಗಟ್ಟಿಗಿತ್ತಿ. ಬಾಯಲ್ಲಿ ಇನ್ನೂ ಗಟ್ಟಿಗಿತ್ತಿ.

ಅರಮನೇಲಿ ಲಬಾಶಿ ಅಂತ ಒಬ್ಬ ಮಾಂತ್ರಿಕ ಇದ್ದ. ಎಣ್ಣೆ ಹಚ್ಚಿದ ಬೋಳುತಲೆ, ಗಡ್ಡಕ್ಕೆ ಮೂರು ಜಡೆ. ಆಕಾಶದ ಚುಕ್ಕಿಗಳು ದೇವರ ಬರವಣಿಗೆ, ಅದನ್ನ ಓದೋಕೆ ಬರೋದು ನನಗೊಬ್ಬನಿಗೇ ಅಂತ ಮೆರೀತಿದ್ದ. ಅವನಿಗೆ ಸಿಂಹಾಸನದ ಮೇಲೆ ಕಣ್ಣು. ಒಂದು ದಿನ ಹಲ್ಲಿಯಾದ. ನಬು ಗುಡಿ ಗೋಡೆ ಹತ್ತಿದ. ಕಡ್ಡೀನ ಬಾಯಲ್ಲಿ ಕಚ್ಚಿಕೊಂಡು ಸರಸರ ಇಳಿದು ಹೋದ. ಬೆಲ್ತಾನಿ ಪೊರಕೆ ಬೀಸಿದಳು, ಬಾಲ ಮಾತ್ರ ಸಿಕ್ಕಿತು. ಆವತ್ತಿಂದ ಲಬಾಶಿಯ ಮೂರು ಜಡೇಲಿ ಒಂದು ಮಾಯ!

ಕಡ್ಡಿ ಸಿಕ್ಕ ಮೇಲೆ ಕೇಳಬೇಕಾ? ಮೊದಲು ಒಂದು ಹಲಗೆ ಬರೆದ. ಗೋಪುರದ ಗೋಡೆ ಮೇಲಿನ ಇಟ್ಟಿಗೆಯ ಮೃಗಗಳು ಜೀವ ತಳೆದು ಮೆಟ್ಟಿಲು ಕಾಯಲಿ. ಒಣಗಿತು, ಮೃಗಗಳು ಗೋಡೆಯಿಂದ ಇಳಿದವು. ಆಮೇಲೆ ಇನ್ನೊಂದು ಹಲಗೆ, ದಪ್ಪದ್ದು. ಬಾಬಿಲಿನ ಸಿಂಹಾಸನದಲ್ಲಿ ಕೂತಿರೋನು, ಇದು ಒಣಗಿದ ಗಳಿಗೆಗೆ ಮಣ್ಣಿನ ಗೊಂಬೆ ಆಗಲಿ. ಅದನ್ನ ಒಯ್ದು ಗೋಪುರದ ತುತ್ತತುದೀಲಿ ಬಿಸಿಲಿಗಿಟ್ಟ.

ಇಟ್ಟೋನು ನೆಟ್ಟಗೆ ಎರಿಬ ದೊರೆ ಹತ್ತಿರ ಬಂದು ಎದೆ ಬಡ್ಕೊಂಡ. "ದೊರೆಗಳೇ, ದೇವರು ಬರೆದು ಗೋಪುರದ ಮೇಲೆ ಇಟ್ಟಿದ್ದಾರೆ! ಮಧ್ಯಾಹ್ನಕ್ಕೆ ಅದು ಒಣಗಿದ್ರೆ, ಸಿಂಹಾಸನದಲ್ಲಿ ಇರೋರು ಮಣ್ಣಿನ ಗೊಂಬೆಯಾಗಿ ಸಾಯ್ತಾರೆ! ಖಾಲಿ ಬಿಟ್ರೆ ಊರಿಗೇ ಕೇಡು!"

"ಸುಳ್ಳು! ಇವನೇ ಬರೆದದ್ದು!" ಅಂತ ಬೆಲ್ತಾನಿ ಕೂಗಿದಳು. ಯಾರು ಕೇಳ್ತಾರೆ? ಚುಕ್ಕಿ ಓದೋನು ಹೇಳಿದ ಮೇಲೆ ಮುಗೀತು, ಬಾಬಿಲು ಜನ ಕಣ್ಣಲ್ಲಿ ಕಂಡದ್ದಕ್ಕಿಂತ ಬರೆದದ್ದನ್ನ ನಂಬೋರು. ಎರಿಬ ದೊರೆ ಒಳ್ಳೆಯೋನು, ಆದರೆ ಪುಕ್ಕಲ. ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ರಾಜನಿಗೆ ಗಂಡಾಂತರ ಅಂತ ಕಂಡ್ರೆ, ಯಾವನೋ ಬಡಪಾಯೀನ ಹಿಡಿದು, ಕಿರೀಟ ಇಟ್ಟು, ಸಿಂಹಾಸನದಲ್ಲಿ ಕೂರಿಸೋದು. ನಿಜವಾದ ರಾಜ ಗುಡಿಸಲಿಗೆ ಹೋಗಿ ಗುದ್ದಲಿ ಹಿಡಿದು ಒಕ್ಕಲಿಗ ಆಗೋದು. ಬರೋ ಸಾವು ಆ ಬಡಪಾಯಿಗೆ ಬಂದು ಹೋಗುತ್ತೆ. ಎಂಥಾ ಲೆಕ್ಕಾಚಾರ ನೋಡಿ!

ದೊರೆ ಊರಾಚೆ ಗುಡಿಸಲಿಗೆ ಓಡಿದ. ಭರ್ಚಿಯೋರು ಬಡಪಾಯಿ ಹುಡುಕ್ಕೊಂಡು ಹೊಳೆದಂಡೆಗೆ ಬಂದ್ರು.

ಹೊಳೆದಂಡೇಲಿ ಉಬಾರ ಅಂತ ಒಬ್ಬ ಹರಿಗೋಲಿನೋನು. ಹೌದು, ಅಲ್ಲೂ ನಮ್ಮಂಗೇ ದುಂಡನೆ ಹರಿಗೋಲು, ಡಾಂಬರು ಬಳಿದದ್ದು. ತೋಳು ಗಟ್ಟಿ, ಬಾಯಿಗೆ ಬೀಗ ಇಲ್ಲ. ಆವತ್ತು ಹೆಂಡದಂಗಡಿ ಕಟ್ಟೆ ಮೇಲೆ ಕೂತು, ಜೊಂಡಿನ ಕೊಳವೇಲಿ ಗಡಿಗೆಯಿಂದ ಹೆಂಡ ಹೀರ್ತಾ ಹೇಳ್ತಿದ್ದ: "ರಾಜನ ಕೆಲಸ ಏನ್ರಪ್ಪಾ ಮಹಾ? ಕೂತ್ಕೊಳ್ಳೋದು ತಾನೆ? ನನ್ನ ಕೂರಿಸಲಿ, ಅಲ್ಲಾಡಿದ್ರೆ ಕೇಳಿ!"

ಹಿಂದಿನಿಂದ ಭರ್ಚಿಯೋನು ಭುಜ ತಟ್ಟಿದ. "ಬುದ್ಧೀ, ಏಳಿ. ನೀವೇ ಬೇಕಾಗಿತ್ತು."

ಬಿಡಿಸ್ಕೊಂಡು ಹರಿಗೋಲಿಗೆ ಹಾರಿದ ಉಬಾರ. ಅವರು ಹರಿಗೋಲಿಗೇ ಭರ್ಚಿ ಹಾಕಿ ತೂತು ಮಾಡಿ, ಒದ್ದೆ ಕೋಳಿ ಎತ್ತಿದಂಗೆ ಎತ್ತಿಕೊಂಡು ಹೋದ್ರು. ಸ್ನಾನ ಮಾಡಿಸಿದ್ರು. ಗಂಧ ಪೂಸಿದ್ರು. ಚಿನ್ನದ ಕಿರೀಟ ಇಟ್ರು, ಎತ್ತರದ್ದು, ಕೊಡದಂಗೆ. ಕುರಿ ಮಾಂಸ, ಖರ್ಜೂರ, ಜೇನುತುಪ್ಪದ ರೊಟ್ಟಿ. ಅವನು ತಿಂದ, ತಿಂದ, ಇನ್ನೂ ತಿಂದ. ಅದೃಷ್ಟ ಖುಲಾಯಿಸಿತು ಅಂದ್ಕೊಂಡ!

ದೊರೆ ಆಡಿದ ಮಾತೆಲ್ಲಾ ಬರೆದುಕೊಳ್ಳೋಕೆ ಒಬ್ಬರು ಬೇಕು. ಬೆಲ್ತಾನೀನ ಕೂರಿಸಿದ್ರು. ಅವಳು ಅವನ ಮುಖ ನೋಡಿದಳು. ಆಳುಗಳು ದೂರ ಹೋಗೋವರೆಗೂ ಕಾದಳು.

"ಹೊಟ್ಟೆ ತುಂಬಿತಾ?"

"ಇನ್ನೊಂದು ತೊಡೆ ಇದ್ರೆ ತರಿಸು."

"ತಿನ್ನು. ಮಧ್ಯಾಹ್ನಕ್ಕೆ ನೀನು ಮಣ್ಣಿನ ಗೊಂಬೆ ಆಗ್ತೀಯ."

ರೊಟ್ಟಿ ಗಂಟಲಲ್ಲೇ ನಿಂತಿತು. ಅವಳು ಬೆನ್ನಿಗೊಂದು ಗುದ್ದಿ, ನಡೆದದ್ದೆಲ್ಲಾ ಹೇಳಿದಳು.

"ಎದ್ದು ಓಡಿಹೋದ್ರೆ?"

"ಸುತ್ತ ಭರ್ಚಿ ಇದಾವೆ. ಹಿಡ್ಕೊಂಡು ಬಂದು ಕೂರಿಸ್ತಾರೆ."

"ಹೋಗಿ ಹಲಗೆ ಅಳಿಸಿದ್ರೆ?"

"ಇನ್ನೊಂದು ಬರೀತಾನೆ. ಕಡ್ಡಿ ಅವನ ಕೈಲಿದೆ. ಆ ಹಲಗೆ ಒಣಗಬೇಕು ಕಣಯ್ಯಾ. ಒಣಗೋವಾಗ ಅವನೇ ಸಿಂಹಾಸನದಲ್ಲಿ ಇರಬೇಕು."

"ಅವನೇನು ಹುಚ್ಚನಾ, ಒಣಗೋಕೆ ಮುಂಚೆ ಬಂದು ಕೂತ್ಕೊಳ್ಳೋಕೆ?"

"ಒಣಗಿದೆ ಅಂತ ಅವನಿಗೆ ಅನ್ನಿಸಬೇಕು," ಅಂದಳು ಬೆಲ್ತಾನಿ. "ಕೇಳು. ಗುಟ್ಟಿನ ಮಾತು ಬರೆದ್ರೆ ನಾವು ಬರೀ ಹಲಗೆ ಕಳಿಸಲ್ಲ. ಮೇಲೆ ತೆಳ್ಳಗೆ ಇನ್ನೊಂದು ಪದರ ಮಣ್ಣು ಸುತ್ತುತೀವಿ. ಮಣ್ಣಿನ ಲಕೋಟೆ. ಒಳಗೆ ಬರೆದದ್ದನ್ನೇ ಅದರ ಮೇಲೂ ಬರೀತೀವಿ. ಹೊರಗಿನ ಮಣ್ಣು ಒಣಗಿ ಟಣ್ ಅಂದ್ರೂ ಒಳಗಿಂದು ತಣ್ಣಗೆ ಹಸಿಯಾಗೇ ಇರುತ್ತೆ."

ಉಬಾರ ಬಾಯಿ ಒರೆಸಿಕೊಂಡ. "ಗೋಪುರ ಹತ್ತೋಣ."

"ಮೃಗಗಳಿದಾವೆ. ಹಲಗೆ ನೋಡೋಕೆ ಹೋದ ದಂಡು ಕಚ್ಚೆ ಬಿಟ್ಟು ಓಡಿಬಂತು."

"ಮೃಗ ತಿಂದ್ರೆ ಅರೆಗಳಿಗೇಲಿ ಮುಗೀತು. ಇಲ್ಲಿ ಕೂತು ಗೊಂಬೆ ಆಗೋದಕ್ಕಿಂತ ವಾಸಿ." ಎದ್ದು ಆಳುಗಳನ್ನ ಕೂಗಿದ. "ಲೇ! ನಾನು ದೊರೆ ತಾನೆ?"

"ಹೌದು ಬುದ್ಧಿ."

"ದೊರೆಗೆ ಗೋಪುರದ ಗಾಳಿ ಬೇಕು. ನಡೀರಿ!"

ಸುಳ್ಳು ದೊರೆಯಾದ್ರೂ ದೊರೆಯ ಮಾತು ಮಾತೇ. ಭರ್ಚಿಯೋರು ಗೋಪುರದ ಬುಡದವರೆಗೂ ಬಂದ್ರು. ಮುಂದೆ ಒಂದು ಹೆಜ್ಜೆ ಇಡಲಿಲ್ಲ, ಅಲ್ಲೇ ನಡುಗ್ತಾ ನಿಂತ್ರು. ಲಬಾಶಿ ಆಗ ಪಟ್ಟಕ್ಕೇರೋಕೆ ಗಡ್ಡಕ್ಕೆ ಬಣ್ಣ ಹಾಕಿಸ್ತಾ ಮನೇಲಿ ಕೂತಿದ್ದ. ಬೆಲ್ತಾನಿ ಸೊಂಟದಲ್ಲಿ ಜೇಡಿಮಣ್ಣಿನ ಗಂಟು, ಹೆಗಲಲ್ಲಿ ನೀರಿನ ತೊಗಲುಚೀಲ. ಇಬ್ಬರೂ ಹತ್ತಿದ್ರು, ಹತ್ತಿದ್ರು, ದಡದಡ ಹತ್ತಿದ್ರು.

ಮೊದಲ ಬಾಗಿಲಲ್ಲಿ ಮುಶುಶ್ಶು ಅನ್ನೋ ಮೃಗ ಮಲಗಿತ್ತು. ತಲೆ ಹಾವಿಂದು, ಮುಂಗಾಲು ಸಿಂಹದ್ದು, ಹಿಂಗಾಲು ಹದ್ದಿಂದು, ಬಾಲದ ತುದೀಲಿ ಚೇಳಿನ ಕೊಂಡಿ. ಒಂದು ಕಣ್ಣು ತೆಗೀತು.

"ಯಾರ್ರೋ ಅದು? ಗೋಡೇಲಿ ನಿಂತು ನಿಂತು ಬೇಜಾರಾಗಿದೆ ನನಗೆ. ಒಂದು ವಾದದ ಹಾಡು ಕಟ್ಟಿ. ಎರಡು ವಸ್ತು ನಾನು ಹೆಚ್ಚು ನಾನು ಹೆಚ್ಚು ಅಂತ ಜಗಳ ಆಡಬೇಕು, ನಾನು ತೀರ್ಪು ಹೇಳಬೇಕು. ಆಕಳಿಕೆ ಬಂದ್ರೆ ನಿಮ್ಮನ್ನ ತಿಂತೀನಿ."

ಬಾಬಿಲಲ್ಲಿ ಅಂಥ ಹಾಡುಗಳು ಬೇಕಾದಷ್ಟು. ಬೆಲ್ತಾನಿ ತಕ್ಷಣ ಸೊಂಟಕ್ಕೆ ಕೈಯಿಟ್ಟಳು. "ನಾನು ಜೇಡಿಮಣ್ಣು. ನೀನು ಜೊಂಡು. ಹೂಂ, ಶುರು ಮಾಡು!"

ಉಬಾರನಿಗೆ ಜಗಳ ಅಂದ್ರೆ ಹಬ್ಬ. "ಲೇ ಮಣ್ಣೇ! ನಾನು ಮುಟ್ಟದೆ ಇದ್ರೆ ನೀನ್ಯಾರೇ? ಎಮ್ಮೆ ಹೊರಳಾಡೋ ಕೆಸರು!"

"ಅಯ್ಯೋ ನನ್ನ ಕಡ್ಡಿಮೂತಿ! ನನ್ನ ಮೇಲೆ ಬೀಳದೆ ನಿನಗೆ ಒಂದಕ್ಷರ ಬರುತ್ತಾ? ಗಾಳೀಲಿ ಬರಿ ನೋಡಾಣ."

"ನಾನು ಹೊಳೇಲಿ ನೆಟ್ಟಗೆ ನಿಂತು ಬೆಳೆದೋನು!"

"ನೆಟ್ಟಗೆ? ಗಾಳಿ ಬೀಸಿದ ಕಡೆಗೆಲ್ಲಾ ತಲೆ ಆಡಿಸ್ತೀಯಲ್ಲೋ! ನಾನು ನೋಡು, ಒಂದ್ಸಲ ಕೇಳಿದ ಮಾತು ಸಾಯೋವರೆಗೂ ಮರೆಯಲ್ಲ."

"ನೀರು ಬಿದ್ರೆ ಕರಗಿ ಹೋಗ್ತೀಯ!"

"ಬೆಂಕಿ ಬಿದ್ರೆ ನೀನು ಬೂದಿ! ನಾನು ಇಟ್ಟಿಗೆ!"

"ನಿನ್ನ ಕಾಲಲ್ಲಿ ತುಳಿದು ನಾದುತಾರೆ!"

"ನಿನ್ನ ತಲೇನೇ ಕುಯ್ದು ಮೊನೆ ಮಾಡ್ತಾರೆ!"

ಮುಶುಶ್ಶು ನಕ್ಕಿತು ನೋಡಿ! ಬೆನ್ನ ಮೇಲೆ ಬಿದ್ದು, ಸಿಂಹದ ಕಾಲಲ್ಲಿ ಹೊಟ್ಟೆ ಹಿಡಿದು, ಹದ್ದಿನ ಕಾಲು ಆಕಾಶಕ್ಕೆ ಎತ್ತಿ ನಕ್ಕಿತು. "ಮಣ್ಣು ಗೆದ್ದಿತು! ನಾನೇ ಮಣ್ಣಿಂದ ಆದೋನು, ಬೇರೆ ತೀರ್ಪು ಹೆಂಗೆ ಹೇಳಲಿ? ಹೋಗಿ, ಹೋಗಿ!" ಅಂತ ದಾರಿ ಬಿಟ್ಟಿತು. ಆದರೆ ನಕ್ಕು ನಕ್ಕು ಅದಕ್ಕೆ ಬಾಯಾರಿತ್ತು. ಬೆಲ್ತಾನಿ ಹೆಗಲಿಂದ ತೊಗಲುಚೀಲ ಕಿತ್ತು ಗಟಗಟ ಗಟಗಟ ಕುಡಿದು, ಚೀಲಾನೂ ನುಂಗಿಬಿಡ್ತು.

"ನೀರು ಹೋಯ್ತಲ್ಲೋ!" ಅಂದಳು ಬೆಲ್ತಾನಿ. "ನನ್ನ ಮಣ್ಣು ಈ ಬಿಸಿಲಿಗೆ ಆಗ್ಲೇ ಬಿರಿದಿದೆ. ನೀರಿಲ್ಲದೆ ಏನು ಸುತ್ತಲಿ?"

"ಕೆಳಗೆ ಹೋಗಿ ಬರೋಷ್ಟು ಹೊತ್ತಿಲ್ಲ. ನಡಿ, ಮೇಲೇನಾದ್ರೂ ಸಿಗುತ್ತೆ!"

ಹತ್ತಿದ್ರು, ಹತ್ತಿದ್ರು, ದಡದಡ ಹತ್ತಿದ್ರು.

ಎರಡನೇ ಬಾಗಿಲಲ್ಲಿ ಚೇಳುಮನುಷ್ಯ. ಸೊಂಟದಿಂದ ಮೇಲೆ ಗಡ್ಡದ ಗಂಡಸು, ಕೆಳಗೆ ಎತ್ತಿನ ಗಾತ್ರದ ಚೇಳು. ಕೈಲಿ ಬಿಲ್ಲು. ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ.

"ನಾನು ಅಳಬೇಕು," ಅಂದ ಚೇಳುಮನುಷ್ಯ. "ಜೀವ ಬಂದಾಗಿಂದ ಎದೇಲಿ ಏನೋ ಕಲ್ಲಿಟ್ಟಂಗಿದೆ. ಅಳೋಕೆ ಬರ್ತಿಲ್ಲ. ಕೆಳಗಿನ ಗುಡೀಲಿ ಹಾಳಾದ ಊರುಗಳ ಮೇಲೆ ಅಳುವ ಹಾಡು ಹಾಡ್ತಾರಲ್ಲ, ಅಂಥದ್ದೊಂದು ಹಾಡಿ. ಅಳು ಬಂದ್ರೆ ಬಾಗಿಲು ತೆಗೀತೀನಿ. ಬರದಿದ್ರೆ ಬಾಣ."

ಉಬಾರ ಕೆಮ್ಮಿ, ಕಿರೀಟ ಸರಿಮಾಡ್ಕೊಂಡು, ಗೊತ್ತಿಲ್ಲದ ಯಾವುದೋ ಊರಿನ ಮೇಲೆ ಭಾರೀ ರಾಗ ಎತ್ತಿದ. ಅಯ್ಯೋ ಕೋಟೆಯೇ, ಅಯ್ಯೋ ಬಾಗಿಲೇ! ಚೇಳುಮನುಷ್ಯ ಬಾಣ ಹೂಡಿದ.

"ಲೇ, ನೀನು ಕಳ್ಕೊಂಡದ್ದನ್ನ ಹಾಡೋ!" ಅಂತ ಬೆಲ್ತಾನಿ ತಿವಿದಳು.

ಬೆಳಿಗ್ಗೆ ಹೊಳೇಲಿ ಹರಿಗೋಲು ಮುಳುಗಿದ್ದು ಉಬಾರನ ಕಣ್ಣ ಮುಂದೆ ಬಂತು. ಮೆಲ್ಲಗೆ ಶುರು ಮಾಡಿದ.

"ದುಂಡಗಿದ್ದೆಯಲ್ಲೇ ನನ್ನವ್ವ, ತೊಟ್ಟಿಲಂಗಿದ್ದೆಯಲ್ಲೇ,
ತಲೆಗೆಣ್ಣೆ ಹಚ್ಚಿದಂಗೆ ಡಾಂಬರು ಹಚ್ಚಿ ಸಾಕಿದೆನಲ್ಲೇ,
ಮದುವೆ ಹೆಣ್ಣ ದಾಟಿಸಿದೆ, ಬಸುರಿಯರ ದಾಟಿಸಿದೆ,
ಭರ್ಚಿ ಮೊನೆ ತಾಗಿದಾಗ ಬುಸ್ಸಂತ ಉಸಿರು ಬಿಟ್ಟೆಯಲ್ಲೇ,
ನಡುಹೊಳೇಲಿ ನಾನಿದ್ದೀನಿ, ನನ್ನ ದಾಟಿಸೋರು ಯಾರೇ, ಯಾರೇ?"

ತಾನು ನಿಜವಾಗ್ಲೂ ಸಾಯಬಹುದು ಅನ್ನೋದು ಅವನಿಗೆ ಆಗ ತಟ್ಟಿದ್ದು. ಅಷ್ಟೊತ್ತೂ ಬಾಯಿಬಡುಕತನದಲ್ಲಿ ಮರೆತಿದ್ದ.

ಚೇಳುಮನುಷ್ಯನ ತುಟಿ ಅದುರಿತು. "ಹರಿಗೋಲೇ... ಅಯ್ಯೋ ಹರಿಗೋಲೇ..." ಅಂದ. ಅಂದದ್ದೇ ತಡ, ಕಣ್ಣಿಂದ ನೀರು ಕಿತ್ಕೊಂಡು ಬಂತು! ಹನಿಯಲ್ಲ ರೀ, ಕೊಡ ಬಗ್ಗಿಸಿದಂಗೆ!

"ಕಿರೀಟ! ಕಿರೀಟ ತಲೆಕೆಳಗು ಹಿಡಿಯೋ!" ಅಂತ ಬೆಲ್ತಾನಿ ಚೀರಿದಳು.

ಉಬಾರ ಚಿನ್ನದ ಕಿರೀಟ ತೆಗೆದು ಗಡ್ಡದ ಕೆಳಗೆ ಹಿಡಿದ. ತುಂಬಿತು, ತುಳುಕಿತು. ಚೇಳುಮನುಷ್ಯ ಮೂಗು ಒರೆಸಿಕೊಂಡು, ಎದೆ ಹಗುರಾಯ್ತು ತಮ್ಮಾ ಅಂತ ಬಾಗಿಲು ತೆಗೆದ. ತೆಗೆದು, ಇನ್ನೂ ಅಳ್ತಾನೇ ಇದ್ದ.

ಹತ್ತಿದ್ರು, ಹತ್ತಿದ್ರು. ಈಗ ಮೆಲ್ಲಗೆ ಹತ್ತಿದ್ರು, ಕಿರೀಟ ತುಳುಕಬಾರದಲ್ಲ.

ಮೂರನೇ ಬಾಗಿಲ ಮೇಲೆ ಅಂಜು ಹಕ್ಕಿ. ಸಿಂಹದ ತಲೆ, ಹದ್ದಿನ ಮೈ. ರೆಕ್ಕೆ ಬಿಚ್ಚಿದ್ರೆ ಒಂದು ಬೀದಿಗೆ ನೆರಳು. ಕಣ್ಣು ಕೆಂಡ, ನಿದ್ದೆ ಕೆಟ್ಟ ಕಣ್ಣು. ಅದರ ಗೂಡಲ್ಲಿ ಒಂದೇ ಒಂದು ಮಣ್ಣಿನ ಹಲಗೆ.

"ಕತೆ ಬರೆಯೋರು ನೀವೇನಾ?" ಅಂತ ಗುಡುಗಿತು. "ನಿಮ್ಮ ಕತೆಗಳು ಒಂದು ಹಲಗೇಲಿ ಮುಗಿಯಲ್ಲ. ಕೊನೇಲಿ ಮುಂದಿನ ಹಲಗೆಯ ಮೊದಲ ಸಾಲು ಬರೆದು ಬಿಟ್ಟುಬಿಡ್ತೀರಿ. ನನಗೆ ಸಿಕ್ಕಿರೋದು ಇದೊಂದೇ! ಮೀನುಗಾರ ಹೊಳೆಗೆ ಹೋದೋನು ಬರಲೇ ಇಲ್ಲ. ಹೆಂಡತಿ ಕಾದಳು, ಕಾದಳು, ಕೂದಲು ಬೆಳ್ಳಗಾಯ್ತು. ಕೆಳಗೆ ಬರೆದಿದೆ: 'ಬಾಗಿಲು ತೆಗೆದಾಗ ಅಲ್ಲಿ ನಿಂತಿದ್ದೋನನ್ನ ಅವಳು ಎಂದೂ ಕಂಡಿರಲಿಲ್ಲ.' ಆಮೇಲೆ? ಆಮೇಲೇನಾಯ್ತು? ಯಾರವನು? ಹೇಳದಿದ್ರೆ ಇಬ್ಬರನ್ನೂ ಎತ್ತಿ ಎಸೀತೀನಿ!"

ಬೆಲ್ತಾನಿ ಉಬಾರನ ಕಿವಿಯಲ್ಲಿ ಹೇಳಿದಳು: "ಆ ಕತೆ ನಾನೂ ಓದಿಲ್ಲ. ಮುಂದಿನ ಹಲಗೆ ಯಾವತ್ತೋ ಒಡೆದುಹೋಗಿದೆ."

ಉಬಾರ ಕಿರೀಟ ಕೆಳಗಿಟ್ಟು ಕಾಲು ಚಾಚಿ ಕೂತ. "ಅವನು ಅವಳ ಗಂಡನೇ ಕಣಣ್ಣಾ."

"ಸುಳ್ಳು! ಎಂದೂ ಕಂಡಿರಲಿಲ್ಲ ಅಂತ ಬರೆದಿದೆ!"

"ಕೇಳು ಮೊದ್ಲು! ಹೋದಾಗ ಮೀಸೆ ಚಿಗುರಿದ ಹುಡುಗ. ಬಂದಾಗ ಗಡ್ಡ ಮೊಣಕಾಲಿಗೆ, ಒಂದು ಕಣ್ಣಿಲ್ಲ, ಹಲ್ಲಿಲ್ಲ. ಅಂಥೋನನ್ನ ಅವಳೆಲ್ಲಿ ಕಂಡಿದ್ದಳು? ನಾನೇ ಕಣೇ ಅಂದ. ಅವಳು, ಮುದಿಯಾ ನನ್ನ ಗಂಡನ ಹೆಸರು ಹೇಳ್ತೀಯಾ ಅಂತ ಪೊರಕೆ ತಗೊಂಡಳು. ಬೀದಿ ತುಂಬಾ ಅಟ್ಟಿಸ್ಕೊಂಡು ಹೊಡೆದಳು. ಹೊಡೆತ ತಿಂತಾ ಅವನು ಒಂದು ಕೂಗು ಹಾಕಿದ. 'ಅಯ್ಯಯ್ಯೋ, ಇನ್ನೂ ಎಡಗೈಲೇ ಹೊಡೀತೀಯಲ್ಲೇ!' ಅಂದ. ಪೊರಕೆ ಅಲ್ಲೇ ನಿಂತಿತು. ಎಡಗೈಲಿ ಹೊಡೀತಾಳೆ ಅಂತ ಗೊತ್ತಿದ್ದೋನು ಲೋಕದಲ್ಲಿ ಅವನೊಬ್ಬನೇ!"

ಹಕ್ಕಿ ಉಸಿರು ಹಿಡಿದಿತ್ತು. "ಆಮೇಲೆ?"

"ಆಮೇಲೆ ಒಳಗೆ ಕರ್ಕೊಂಡು ಹೋಗಿ ಅಂಬಲಿ ಕೊಟ್ಟಳು. ಕುಡಿದ ಮೇಲೆ ಇನ್ನೆರಡು ಕೊಟ್ಟಳು, ಲೇಟಾಗಿ ಬಂದದ್ದಕ್ಕೆ."

ಅಂಜು ಹಕ್ಕಿ ಸಿಂಹದ ಬಾಯಿ ತೆಗೆದು ಹೋ ಅಂತ ನಕ್ಕಿತು. ಪುಕ್ಕ ಉದುರಿತು. "ಬರೆದೋನು ಹಿಂಗೆ ಬರೆದಿದ್ದನೋ ಇಲ್ವೋ, ನನಗೆ ಇದೇ ಸಾಕು! ಜೀವ ಬಂದಾಗಿಂದ ನಿದ್ದೆ ಇಲ್ಲ ಗೊತ್ತಾ?" ಅಂದದ್ದೇ, ರೆಕ್ಕೆಯೊಳಗೆ ತಲೆ ಹಾಕಿ ಗೊರಕೆ ಹೊಡೆಯೋಕೆ ಶುರು ಮಾಡ್ತು.

ತುತ್ತತುದಿ! ಬಿಸಿಲು ಅಂದ್ರೆ ಹಂಚಿನ ಮೇಲಿನ ಬಿಸಿಲು. ನಡುವೆ ಹಲಗೆ. ಬೆಲ್ತಾನಿ ಬೆರಳಲ್ಲಿ ಮುಟ್ಟಿದಳು. ಅಂಚು ಬೆಳ್ಳಗಾಗಿತ್ತು, ನಡುವೆ ಇನ್ನೂ ತಣ್ಣಗಿತ್ತು.

"ಬೇಗ, ಕಣ್ಣೀರು ಸುರಿ!"

ಗಂಟಿನ ಮಣ್ಣಿಗೆ ಸುರಿದು ಇಬ್ಬರೂ ನಾದಿದ್ರು. ಹೋಳಿಗೆ ಕಣಕ ತಟ್ಟಿದಂಗೆ ತೆಳ್ಳಗೆ ತಟ್ಟಿ, ಹೂರಣ ಮುಚ್ಚಿದಂಗೆ ಹಲಗೇನ ಮುಚ್ಚಿದಳು. ತನ್ನ ಕಡ್ಡಿ ತೆಗೆದು, ಲಬಾಶಿಯ ಅಕ್ಷರದಂಗೇ ಅಕ್ಷರ, ಅವನ ಸಾಲಿನಂಗೇ ಸಾಲು ಒತ್ತಿದಳು. ಮಿಕ್ಕ ಮಣ್ಣನ್ನ ಕಿರೀಟದಲ್ಲೇ ತಗೊಂಡು ಇಬ್ಬರೂ ಇಳಿದ್ರು. ಚೇಳುಮನುಷ್ಯನಿಗೆ ಕೈಮುಗಿದು, ಮುಶುಶ್ಶುವಿಗೆ ಕೈಬೀಸಿ, ಸಿಂಹಾಸನ ಸೇರಿದ್ರು.

ಹೊತ್ತು ನೆತ್ತಿಗೆ ಬಂತು. ಅರಮನೆ ಅಂಗಳದಲ್ಲಿ ಊರೇ ನೆರೆದಿತ್ತು. ಉಬಾರ ಸಿಂಹಾಸನದ ಮೇಲೆ ಕೂತಿದ್ದಾನೆ, ಬಿಸಿಲು ಅಂತ ಮುಖಕ್ಕೆ ಶಾಲು ಮುಚ್ಚಿಕೊಂಡು. ಶಾಲಿನ ಒಳಗೆ ಮುಖಕ್ಕೆಲ್ಲಾ ಆ ಮಿಕ್ಕ ಮಣ್ಣು ಮೆತ್ತಿಕೊಂಡು! ಒಣಗ್ತಾ ಒಣಗ್ತಾ ಚರ್ಮ ಎಳೀತಿತ್ತು, ಕೆರ್ಕೊಳ್ಳೋ ಹಂಗಿಲ್ಲ.

ಲಬಾಶಿ ಗೋಪುರ ಹತ್ತಿದ. ಮೃಗಗಳು ಅವನು ಬರೆದು ಎಬ್ಬಿಸಿದವು, ಅವನನ್ನ ತಡೆಯಲಿಲ್ಲ. ಹಲಗೆ ನೋಡಿದ. ಬೆಳ್ಳಗಿತ್ತು. ಉಗುರಲ್ಲಿ ಬಡಿದ. ಟಣ್! ಬಗಲಲ್ಲಿಟ್ಕೊಂಡು ಮೂರು ಮೂರು ಮೆಟ್ಟಿಲು ಹಾರ್ತಾ ಇಳಿದು ಬಂದ. ಕುಣೀತಾ ಬರೋನಿಗೆ ತೂಕ ಹೆಚ್ಚಾಗಿದೆ ಅಂತ ಎಲ್ಲಿ ಗೊತ್ತಾಗಬೇಕು?

"ಒಣಗಿತು! ದೇವರ ಮಾತು ಒಣಗಿತು!"

"ಅಯ್ಯೋ!" ಅಂದ ಉಬಾರ. ಶಾಲು ಜಾರಿತು. ಬೂದು ಬಣ್ಣದ ಮಣ್ಣಿನ ಮುಖ! ಧೊಪ್ ಅಂತ ಸಿಂಹಾಸನದಿಂದ ಉರುಳಿ, ಮರದ ದಿಮ್ಮಿಯಂಗೆ ಬಿದ್ದ. ಹೆಂಗಸರು ಚೀರಿದ್ರು. ಬೆಲ್ತಾನಿ ಅತ್ತಳು, ಎಂಥಾ ಅಳು ಅಂದ್ರೆ ಚೇಳುಮನುಷ್ಯನಿಗಿಂತ ಜೋರು.

"ಖಾಲಿ ಬಿಡಬಾರದು! ಖಾಲಿ ಬಿಟ್ರೆ ಊರಿಗೆ ಕೇಡು!" ಅಂತ ಕೂಗ್ತಾ ಲಬಾಶಿ ಉಬಾರನನ್ನ ದಾಟಿ ಹಾರಿ, ಸಿಂಹಾಸನದಲ್ಲಿ ಕೂತೇಬಿಟ್ಟ! ಹಲಗೆ ಎತ್ತಿ ಹಿಡಿದ. "ಇನ್ನು ಮೇಲೆ ನಾನೇ ದೊರೆ!" ಅಂತ ಸಿಂಹಾಸನದ ತೋಳಿಗೆ ಹಲಗೆ ಕುಟ್ಟಿದ. "ನಾನೇ ದೊರೆ!" ಇನ್ನೊಂದು ಸಲ ಕುಟ್ಟಿದ. "ನಾನೇ..."

ಚಟ್!

ಹೊರಗಿನ ಪದರ ಮೊಟ್ಟೆ ಸಿಪ್ಪೆಯಂಗೆ ಉದುರಿತು. ಒಳಗೆ ಹಲಗೆ, 'ಸಿಂಹಾಸನದಲ್ಲಿ ಕೂತಿರೋನು' ಅಂತ ಬರೆದದ್ದು, ತಣ್ಣಗೆ, ಹಸೀ ಹಸಿ, ಫಳಫಳ ಅಂತಿತ್ತು. ಮೇಲೆ ಸುಡೋ ಸೂರ್ಯ. ಲಬಾಶಿಯ ಬೋಳುತಲೆ ಬೆವರಿತು. ಬರೆದೋನಿಗೆ ಬರೆದದ್ದು ಗೊತ್ತಿಲ್ವಾ? ಕಿಟಾರ್ ಅಂತ ಕಿರುಚಿ ಏಳೋಕೆ ಹೋದ.

ಸತ್ತು ಬಿದ್ದಿದ್ದ ಉಬಾರ ಎದ್ದ. ಎದ್ದೋನು ಓಡಿಬಂದು ಲಬಾಶಿಯ ತೊಡೆ ಮೇಲೆ ಕೂತ!

"ಎಲ್ಲಿಗೆ ಬುದ್ಧಿ? ಈಗ ತಾನೆ ಪಟ್ಟ ಆಯ್ತು."

"ಬಿಡೋ! ಏಳೋ ಮೇಲೆ! ನೀನೂ ಸಾಯ್ತೀಯ!"

"ನಾನ್ಯಾಕೆ ಸಾಯ್ಲಿ? ನಾನು ಕೂತಿರೋದು ನಿನ್ನ ಮೇಲೆ. ಸಿಂಹಾಸನದ ಮೇಲೆ ಕೂತಿರೋದು ನೀನು!"

"ಅಂಗಳದ ಬಾಗಿಲು ತೆಗೀರೋ! ಗಾಳಿ ಬರಲಿ!" ಅಂತ ಬೆಲ್ತಾನಿ ಕೂಗಿದಳು. ಅವನ ಕೈಯಿಂದ ಜಾರಿ ಕೆಳಗೆ ಬಿದ್ದ ಹಲಗೇನ ಎತ್ತಿ ಬಿಸಿಲಿಗೆ ಹಿಡಿದಳು. ಮರಳುಗಾಡಿನ ಗಾಳಿ ಒಲೆ ಬಾಯಿಂದ ಬಂದಂಗೆ ನುಗ್ಗಿತು. ಹಲಗೆ ಬೆಳ್ಳಗಾಗ್ತಾ ಬಂತು. ಲಬಾಶಿಯ ಪಾದ ಬೂದಿ ಬಣ್ಣ ಆಯ್ತು. ಮೊಣಕಾಲು. ತೊಡೆ. ಉಬಾರನಿಗೆ ಕೆಳಗೆ ಗಟ್ಟಿಯಾಗಿದ್ದು ಗೊತ್ತಾಗಿ ಅವನು ಎದ್ದು ಪಕ್ಕಕ್ಕೆ ಹಾರಿದ. ಹೊಟ್ಟೆ, ಎದೆ, ಎರಡು ಜಡೆ. ಬೈಯೋಕೆ ತೆಗೆದ ಬಾಯಿ ತೆಗೆದಂಗೇ ನಿಂತಿತು. ಮಣ್ಣಿನ ಗೊಂಬೆ! ಕಿವಿ ಸಂದೀಲಿ ಸಿಕ್ಕಿಸಿದ್ದ ಹೊನ್ನಿನ ಕಡ್ಡಿ ಟಪ್ ಅಂತ ಬಿತ್ತು. ಬೆಲ್ತಾನಿ ಕ್ಯಾಚ್ ಹಿಡಿದಂಗೆ ಹಿಡಿದಳು.

ಜನ ಕೂಗಿದ ಕೂಗಿಗೆ ಗೋಪುರದ ಮೇಲೆ ಅಂಜು ಹಕ್ಕಿ ಒಂದ್ಸಲ ಎದ್ದು, ಮಗ್ಗುಲಾಗಿ ಮತ್ತೆ ಮಲಗಿತಂತೆ.

ಗುಡಿಸಲಿಂದ ಎರಿಬ ದೊರೇನ ಕರೆತಂದ್ರು. ಕೈತುಂಬಾ ಕೆಸರು, ಕೈಲಿ ಈರುಳ್ಳಿ ಸಸಿ. ಉಬಾರನ ಮುಂದೆ ತಲೆ ತಗ್ಗಿಸಿ ನಿಂತ. "ನನ್ನ ಸಾವನ್ನ ನಿನ್ನ ತಲೆಗೆ ಕಟ್ಟಿದೆ ಕಣಪ್ಪಾ. ಏನು ಬೇಕೋ ಕೇಳು."

"ಈ ಪದ್ಧತಿ ಬಿಡಿ ಬುದ್ಧಿ. ಇನ್ನು ಯಾವ ಬಡಪಾಯೀನೂ ಹಿಂಗೆ ಕೂರಿಸಬ್ಯಾಡಿ. ಆಮೇಲೆ ನಂದೊಂದು ಹರಿಗೋಲು ತೂತು ಮಾಡಿದಾರೆ."

ಎರಡಕ್ಕೂ ದೊರೆ ಹೂಂ ಅಂದ. ಹರಿಗೋಲಿಗೆ ತಾನೇ ಕೂತು ಡಾಂಬರು ಬಳೀತೀನಿ ಅಂದ.

ಆಗ ಬೆಲ್ತಾನಿ ಕಡ್ಡಿ ಎತ್ತಿ ಹಿಡಿದಳು. "ಇದನ್ನ ಮುರಿದು ಹೊಳೆಗೆ ಹಾಕ್ತೀನಿ. ಇಂಥದ್ದು ಯಾರ ಕೈಲೂ ಇರಬಾರದು. ಅದಕ್ಕೆ ಮುಂಚೆ ಒಂದೇ ಒಂದು ಹಲಗೆ ಬರೀತೀನಿ. ಏನು ಬರೀಲಿ, ಹೇಳಿ."

ಶುರುವಾಯ್ತು ಗದ್ದಲ! ನನಗೆ ಗಂಡು ಮಗು! ನನ್ನ ಕತ್ತೆ ಮಾತಾಡಬೇಕು! ಹೊಳೆ ತುಂಬಾ ಹೆಂಡ! ನಮ್ಮತ್ತೆಗೆ ಮೂಗತನ! ಆ ಅತ್ತೆಯೂ ಅಲ್ಲೇ ಇದ್ದಳು, ಅಲ್ಲೊಂದು ಜಗಳ. ಬೆಲ್ತಾನಿ ಕಿವಿ ಮುಚ್ಚಿಕೊಂಡು ಉಬಾರನ ಕಡೆ ನೋಡಿದಳು. ಉಬಾರ ಮುಖದ ಮಣ್ಣು ಕೆರ್ಕೊಂಡು ಏನೋ ಹೇಳಿದ. ಅವಳು ನಕ್ಕು ಬರೆದಳು. ಒಂದೇ ಸಾಲು. ಜೋರಾಗಿ ಓದಿದಳು: "ಬಾಬಿಲು ಜನ ಹೊಟ್ಟೆ ತುಂಬಾ ಉಂಡು, ಕಣ್ಣು ತುಂಬಾ ನಿದ್ದೆ ಮಾಡಿ, ಸುಖವಾಗಿರಲಿ."

ಹಲಗೇನ ಅಂಗಳದ ನಡುವೆ ಇಟ್ರು. ಆದರೆ ಅಷ್ಟೊತ್ತಿಗೆ ಹೊತ್ತು ಇಳಿದಿತ್ತು, ಗಾಳಿ ನಿಂತಿತ್ತು, ಮಣ್ಣು ಹಸಿ! ಊರು ಊರೇ ಸುತ್ತ ಕುಕ್ಕರಗಾಲಲ್ಲಿ ಕೂತಿತು. ಹೆಂಗಸರು ಸೆರಗು ಬೀಸಿದ್ರು, ಗಂಡಸರು ರುಮಾಲು ಬೀಸಿದ್ರು, ಹಲ್ಲಿಲ್ಲದ ಅಜ್ಜಿಯರು ಉಫ್ ಉಫ್ ಅಂತ ಊದಿದ್ರು. ದೊರೆ ಈರುಳ್ಳಿ ಸೊಪ್ಪಲ್ಲೇ ಬೀಸಿದ. ಮುಶುಶ್ಶು ಗೋಪುರ ಇಳಿದು ಬಂದು ಬಿಸಿ ಉಸಿರು ಬಿಟ್ಟಿತು. ಚೇಳುಮನುಷ್ಯನನ್ನ ಮಾತ್ರ ಹತ್ತಿರ ಬಿಡಲಿಲ್ಲ, ಎಲ್ಲಿ ಅಳ್ತಾನೋ ಅಂತ.

ಅಂಚು ಬೆಳ್ಳಗಾಯ್ತು. ನಡುವೆ ಬೆಳ್ಳಗಾಯ್ತು. ಉಬಾರ ಬೆರಳಲ್ಲಿ ಬಡಿದ.

ಟಣ್.

ಒಣಗಿತು ಕಣ್ರಪ್ಪಾ!